ಎದೆಗೆ ಕಟ್ಟಿದ ಹಗ್ಗ

ಕೇಣಿ ಊರಿನ ಕಡಲ ದಡದಲ್ಲಿ ನಿಂತ ಉಕ್ಕಿನ ಬೋಟಿನ ಮೀನು ತುಂಬುವ ಗುಂಡಿಯೊಳಗೆ ಪುಂಡಲೀಕ ಹೊಸ ವೆಲ್ಡಿಂಗ್ ಮೆಷಿನ್ನಿನಿಂದ ಬಿರುಕು ಬೆಸೆಯುತ್ತಿದ್ದ. ಕಡಲ ಗಾಳಿಗೆ ಬೆಸುಗೆ ಕೆಡದಂತೆ ಕಾಯುವ ಗ್ಯಾಸ್ ಹಾರಿಹೋಗುತ್ತದೆಂದು, ಐಸ್ ಕರಗದಂತೆ ಮುಚ್ಚುವ ಹಾಗೆಯೇ ಗುಂಡಿಯ ಬಾಯಿಗೆ ತಾಡಪಾಲು ಎಳೆಸಿಕೊಂಡಿದ್ದ.

"ಎದೆಗೆ ಹಗ್ಗ ಕಟ್ಟೂಕೆ ನಾನೇನು ದೋಣಿಯಾ?" ಎಂದು ಹೆಂಡತಿ ನೀಲಾಳನ್ನು ನೋಡಿ ನಗಾಡಿದರೂ, ಅವಳ ಸಮಾಧಾನಕ್ಕೆ ಕಟ್ಟಿಸಿಕೊಂಡಿದ್ದ. ಹಗ್ಗದ ಇನ್ನೊಂದು ತುದಿ ಮೇಲೆ ಕೂತ ಅವಳ ಕೈಯಲ್ಲಿತ್ತು.

ತಾಡಪಾಲಿನ ಸಂದಿಯಲ್ಲಿ ಮಿಂಚುತ್ತಿದ್ದ ಬೆಳಕು ನಿಂತಿತು. ನೀಲಾ ಹಗ್ಗ ಜಗ್ಗಿದಳು, ಕೂಗಿದಳು. ಹಗ್ಗದ ಕೆಳಗಿನ ಭಾರ ಮಿಸುಕಲಿಲ್ಲ. ಒಳಗೆ ಇಳಿಯಹೊರಟವಳ ತೋಳನ್ನು ಮೈದುನ ಸಂದೀಪ ಹಿಡಿದ.

"ಇಳೀಬೇಡ ವೈನಿ! ಗ್ಯಾಸ್ ತಳದಾಗೆ ಕೂತದೆ, ಉಸಿರಾಡೂಕೆ ಗಾಳಿ ಇಲ್ಲ. ನೀನೂ ಬೀಳ್ತೆ!"

ಅವನು ಮೆಷಿನ್, ಸಿಲಿಂಡರ್ ಬಂದ್ ಮಾಡಿ ತಾಡಪಾಲು ಕಿತ್ತೆಸೆದ. ಬಲೆ ಬಿಡಿಸುತ್ತಿದ್ದವರು ಓಡಿಬಂದು ಹಗ್ಗಕ್ಕೆ ಕೈಕೊಟ್ಟರು. ಮೇಲೆ ಬಂದ ಪುಂಡಲೀಕನ ತಲೆ ಒಂದು ಪಕ್ಕಕ್ಕೆ ವಾಲಿತ್ತು. ನೀಲಾಳಿಗೆ ನೋಡಲಾಗಲಿಲ್ಲ. ಮೀನು ಮಾರುವ ದುರ್ಗಕ್ಕ ಅವನ ಮುಖಕ್ಕೆ ಬಿಸಿಲು ಬೀಳದಂತೆ ಸೆರಗು ಹಿಡಿದು ನಿಂತಳು.

ಕೊನೆಗೆ ಅವನು ಕೆಮ್ಮಿದ.

"ದಾದಾ, ಇದೇ ಮೆಷಿನ್ನಾಗೆ ಗ್ಯಾಸ್ ಬೇಡದ ಬೆಸುಗೆ ರಾಡೂ ನಡೀತದೆ. ಇನ್ನು ಅದ್ರಾಗೇ ಮಾಡ್ವ, ಗುಂಡಿ ಬಾಯಿ ತೆಗೆದಿಟ್ಟು," ಎಂದ ಸಂದೀಪ, ಅಳುತ್ತಲೇ.

ನೀಲಾ ಇನ್ನೂ ಹಗ್ಗ ಬಿಟ್ಟಿರಲಿಲ್ಲ. ದುರ್ಗಕ್ಕ ಅವಳ ಬೆರಳುಗಳನ್ನು ಒಂದೊಂದಾಗಿ ಮೆಲ್ಲನೆ ಬಿಡಿಸಿದಳು.