ಅಂಗಿ ತೊಟ್ಟ ಬೀಗ

ಟಕ್ ಟಕ್, ಯಾರೋ ಬೆರಳಿನಿಂದ ಮೈಕು ತಟ್ಟುತ್ತಿದ್ದಾರೆ, ಹಿಂದಿನವರಿಗೆ ಕೇಳಿಸ್ತಿದೆಯಾ, ಹಿಂದೆ ಯಾರಿದ್ದಾರೆ ಕೇಳಿಸಿಕೊಳ್ಳುವುದಕ್ಕೆ, ನೂರಿಪ್ಪತ್ತು ಕುರ್ಚಿ ಹಾಕಿಸಿ ಕೂತವರು ಒಂಬತ್ತು ಜನ, ಅದರಲ್ಲಿ ಎಂಟು ಜನ ಆಫೀಸಿನವರೇ, ನಗರಸಭೆಯ ಈ ಸಭಾಂಗಣದಲ್ಲಿ ವೇದಿಕೆಯ ಕೆಳಗಿನ ಪುಟ್ಟ ಮೇಜಿನ ಮುಂದೆ ಟೈಪು ಮಾಡುತ್ತಾ ಕೂರುವವಳಿಗೆ ಇದೇನು ಹೊಸದಲ್ಲ, ಜನರ ಅಭಿಪ್ರಾಯ ಕೇಳುವ ಸಭೆಯನ್ನು ಜನ ಕೆಲಸಕ್ಕೆ ಹೋದ ಮೇಲೇ ಇಡುವುದು, ಹತ್ತೂವರೆಗೆ, ವಾರದ ನಡುವೆ, ಆಮೇಲೆ ಯಾರೂ ಬರಲಿಲ್ಲ ಎಂದು ಬರೆದುಕೊಳ್ಳುವುದು — ಟಕ್ ಟಕ್ — ಗಾಳಿ ಬೀಸಿದಾಗ ಬೀಗ ಬಾಗಿಲಿಗೆ ಬಡಿಯುವ ಸದ್ದೂ ಹೀಗೇ, ಆದರೆ ಅತ್ತಿಗೆಯ ಮನೆಯ ಬೀಗ ಬಡಿಯುವುದಿಲ್ಲ, ಅತ್ತಿಗೆ ಅದಕ್ಕೊಂದು ಅಂಗಿ ಹೊಲಿದು ತೊಡಿಸಿದ್ದಾಳೆ, ಅವಳು ಕೆಲಸ ಮಾಡುವ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಹರಿದುಹೋಗಿ ಬಿಸಾಡಿದ ಹಸಿರು ಬಟ್ಟೆಯ ಅಂಗಿ, ಕತ್ತಿನ ಹತ್ತಿರ ಒಂದು ಬಿಳಿ ಗುಂಡಿ ಬೇರೆ, ಯಾಕೆ ಅತ್ತಿಗೆ ಬೀಗಕ್ಕೂ ಚಳಿಯಾ ಎಂದು ಕೇಳಿದರೆ, ಪಕ್ಕದ ಮನೆ ಗೊರಕೆ ಮಾಮ ರಾತ್ರಿಯೆಲ್ಲ ಗೋದಾಮು ಕಾದು ಬಂದು ಹಗಲು ಮಲಗ್ತಾರೆ ಪುಟ್ಟಿ, ನನ್ನ ಬೀಗ ಬಡ್ಕೊಂಡ್ರೆ ಅವರ ನಿದ್ದೆ ಕೆಡುತ್ತೆ. ಐವತ್ತಾರು ತುಂಬಿದ ಮೇಲೂ ಪುಟ್ಟಿ. ಆ ಪುಟ್ಟಿಯೇ ಈಗ ಕಂಪ್ಯೂಟರಿನ ಮುಂದೆ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾಳೆ, ಒಂಬತ್ತನೆಯವಳಾಗಿ ಕೊನೆಯ ಸಾಲಿನಲ್ಲಿ ರಜೆ ಹಾಕಿ ಬಂದ ಅತ್ತಿಗೆ ಕೂತಿದ್ದಾಳೆ, ಮಡಿಲಲ್ಲಿ ಚೀಲ, ಚೀಲದ ಮೇಲೆ ಎರಡೂ ಕೈ.

ಗೋಡೆಯ ಮೇಲೆ ನಕ್ಷೆ ತೂಗುಹಾಕಿದ್ದಾರೆ, ಬಣ್ಣ ಚೆನ್ನಾಗಿದೆ, ರಸ್ತೆ ಬೂದು, ಕೆರೆ ನೀಲಿ, ಮನೆಗಳು ಕಂದು, ನಡುವೆ ಒಂದು ಹಳದಿ ಚೌಕ, ಅಲ್ಲಿ ವಾಹನ ನಿಲ್ಲಿಸುವ ನಾಲ್ಕು ಮಹಡಿ ಕಟ್ಟಡ ಏಳುತ್ತದಂತೆ, ಹಳದಿ ಎಂದರೆ ಬೀಳು, ಯಾರೂ ಉಳದೆ ಯಾರೂ ಇರದೆ ಸುಮ್ಮನೆ ಬಿದ್ದಿರುವ ನೆಲ, ಆ ಹಳದಿಯೊಳಗೆ ನಲವತ್ತೊಂದು ಮನೆಗಳಿವೆ, ಒಂದು ನಲ್ಲಿ ಇದೆ, ನಲ್ಲಿಯ ಹತ್ತಿರ ಯಾವಾಗಲೂ ಜಾರುವ ಒಂದು ಕಲ್ಲಿದೆ, ಗೊರಕೆ ಮಾಮನಿದ್ದಾನೆ — ಅವನ ಹೆಂಡತಿ ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಜಡಿದು ಹೋಗುತ್ತಾಳೆ, ಯಾರೂ ಬಂದು ಬಾಗಿಲು ತಟ್ಟದಿರಲಿ ಎಂದು — ಸರ್ವೆಯವನು ಬಂದ ದಿನ ಆ ಬೀಗದ ಹಿಂದೆ ಮನುಷ್ಯ ಗೊರಕೆ ಹೊಡೆಯುತ್ತಿದ್ದ, ಸರ್ವೆಯವನಿಗೆ ಅದು ಕೇಳಿಸಲಿಲ್ಲವೋ, ಕೇಳಿಸಿಯೂ ಕಿವಿಗೆ ಹಾಕಿಕೊಳ್ಳಲಿಲ್ಲವೋ, ಅವನೂ ಹತ್ತೂವರೆಗೇ ಬಂದಿದ್ದ, ಆ ಹೊತ್ತಿಗೆ ಅಲ್ಲಿ ಯಾರ ಮನೆಯ ಬಾಗಿಲು ತೆರೆದಿರುತ್ತದೆ, ಗಂಡಸರು ಹೆಂಗಸರು ಎಲ್ಲ ಕೆಲಸಕ್ಕೆ, ಮಕ್ಕಳು ಶಾಲೆಗೆ, ಅವನು ನಲವತ್ತೊಂದು ಬಾಗಿಲು ನೋಡಿದ, ನಲವತ್ತೊಂದು ಬೀಗ ನೋಡಿದ, ಪುಸ್ತಕದಲ್ಲಿ ಪ್ರತಿ ನಂಬರಿನ ಮುಂದೆ ಪೆನ್ಸಿಲ್‌ನಲ್ಲಿ ಬೀ ಎಂದು ಬರೆದು ಒಂದು ಚುಕ್ಕಿ ಇಟ್ಟ. ಬೀಗ ಎಂದು ಪೂರ್ತಿ ಬರೆದಿದ್ದರೆ ಅವನ ಕೈ ಸವೆದುಹೋಗುತ್ತಿತ್ತೇ. ಇರಲಿ, ಅವನನ್ನು ಬೈದು ಏನು, ಆ ಪುಸ್ತಕ ಟೈಪಿಗೆ ಬಂದದ್ದು ಯಾರ ಮೇಜಿಗೆ, ಇವಳ ಮೇಜಿಗೆ, ಇಪ್ಪತ್ತೈದು ವರ್ಷ ಭೂದಾಖಲೆ ಕಚೇರಿಯಲ್ಲಿ ಟೈಪು ಮಾಡಿ ಬಂದ ಬೆರಳುಗಳು, ಅಲ್ಲಿ ತ ಎಂದರೆ ನೀರು ಹಾಯುವ ತರಿ, ಖು ಎಂದರೆ ಮಳೆ ನಂಬಿದ ಖುಷ್ಕಿ, ಬೀ ಎಂದರೆ ಬೀಳು, ಯೋಚನೆ ಮಾಡುವಂಥದ್ದೇ ಇರಲಿಲ್ಲ, ಒಂದು ಮಧ್ಯಾಹ್ನ ಕಿಟಕಿಯ ಬಿಸಿಲು ಪರದೆಯ ಮೇಲೆ ಬೀಳುತ್ತಿತ್ತು, ಅವಳು ಆಕಳಿಸುತ್ತಾ ನಲವತ್ತೊಂದು ಸಲ ಬೀಳು ಎಂದು ಹೊಡೆದಳು, ನಂಬರುಗಳನ್ನೂ ನೋಡಲಿಲ್ಲ, ಹದಿನೇಳು ಎಂಬ ನಂಬರು ಕಣ್ಣೆದುರಿಗೇ ಹಾದುಹೋಯಿತು, ತಾನು ಆರು ವರ್ಷ ಉಂಡು ಮಲಗಿದ ಮನೆಯ ನಂಬರು.

ಹೋದ ತಿಂಗಳು ದೀಪದ ಕಂಬಕ್ಕೆ ಪ್ರಕಟಣೆ ಅಂಟಿಸಿದಾಗ ಅತ್ತಿಗೆ ಅದನ್ನು ಓದಿ ನಗುತ್ತಾ ಬಂದಿದ್ದಳು, ನಿಮ್ಮ ಆಫೀಸಿನವರಿಗೆ ನಮ್ಮ ಬೀದೀಲಿ ಬೀಳು ಎಲ್ಲಿ ಕಾಣಿಸ್ತು ಪುಟ್ಟಿ, ಕನ್ನಡಕ ಬದಲಾಯಿಸಿಕೊಳ್ಳೋಕೆ ಹೇಳು. ಇವಳೂ ನಕ್ಕಳು. ಮಾರನೇ ದಿನ ಕಪಾಟಿನಿಂದ ಸರ್ವೆ ಪುಸ್ತಕ ತೆಗೆದು ನೋಡಿದಳು, ಮೊದಲ ಪುಟದ ಮೂಲೆಯಲ್ಲಿ ಸರ್ವೆಯವನು ಎರಡೇ ಸಾಲಿನಲ್ಲಿ ಬರೆದಿಟ್ಟಿದ್ದ, ತೆ ಎಂದರೆ ತೆರೆದಿದೆ, ಬೀ ಎಂದರೆ ಬೀಗ, ಆ ಪುಟ ತಿರುವಿ ನೋಡುವ ಸೌಜನ್ಯ ತನಗಿರಲಿಲ್ಲ, ಟೈಪಾದ ಪಟ್ಟಿಯ ಕೆಳಗೆ ತನ್ನದೇ ಸಣ್ಣ ಸಹಿ, ಬಾಲ ಎಳೆದು ಬಿಟ್ಟ ಸಹಿ. ಪುಸ್ತಕ ಹಿಡಿದುಕೊಂಡು ಯೋಜನಾಧಿಕಾರಿಯ ಕೋಣೆಗೆ ಓಡಿದಳು, ನೋಡೋಣ ಸಾಹೇಬರು ಎಂದೇ ಆಫೀಸೆಲ್ಲ ಅವರನ್ನು ಕರೆಯುವುದು, ಏನು ಕೊಟ್ಟರೂ ನೋಡೋಣ, ಏನು ಕೇಳಿದರೂ ನೋಡೋಣ, ಆ ದಿನ ಮಾತ್ರ ಅವರು ನಿಜವಾಗಿಯೂ ನೋಡಿದರು, ಪುಸ್ತಕ ನೋಡಿದರು, ಪಟ್ಟಿ ನೋಡಿದರು, ಬಾಗಿಲು ಹಾಕಿದೆಯೋ ಇಲ್ಲವೋ ನೋಡಿದರು, ಆಮೇಲೆ ತುಂಬ ಮೆತ್ತಗೆ, ಮೇಡಂ, ಮೇಲೆ ಹೋದ ನಕ್ಷೆ ಮತ್ತೆ ಕೆಳಗೆ ಬರಲ್ಲ, ಬೀಳು ಅಂದ್ರೆ ಯಾರಿಗೂ ನೋಟಿಸ್ ಕೊಡಬೇಕಾಗಿಲ್ಲ, ಯಾರಿಗೂ ಬದಲಿ ಮನೆ ಕೊಡಬೇಕಾಗಿಲ್ಲ, ಎಲ್ಲ ಸಲೀಸಾಗಿ ಮುಗಿದಿದೆ, ಈಗ ಕೆದಕಿದ್ರೆ ಮೊದಲು ಹೋಗೋದು ನಿಮ್ಮ ತಲೆ, ಪಟ್ಟಿ ಮೇಲೆ ನನ್ನ ಸಹಿ ಇಲ್ಲ, ನಿಮ್ಮದಿದೆ. ಅವಳು ತಲೆಯಾಡಿಸಿ ಬಂದಳು, ಹೌದು, ತಲೆಯಾಡಿಸಿ ಬಂದಳು, ಮೂವತ್ತೊಂದು ವರ್ಷ ಸಾಹೇಬರುಗಳ ಮುಂದೆ ಆಡಿದ ತಲೆ ತಾನಾಗಿಯೇ ಆಡಿತು, ಅದಕ್ಕಾಗಿ ತನ್ನ ಮೇಲೆ ತನಗೇ ಬಂದ ಸಿಟ್ಟು ಈ ಒಂದು ತಿಂಗಳಲ್ಲಿ ಎಳ್ಳಷ್ಟೂ ಇಳಿದಿಲ್ಲ, ಪುಸ್ತಕವನ್ನು ಮಾತ್ರ ಕಪಾಟಿಗೆ ವಾಪಸು ಇಡಲಿಲ್ಲ, ಅದು ಈಗ ಮೇಜಿನ ಕೆಳಗೆ, ಕೈಚೀಲದಲ್ಲಿ, ಊಟದ ಡಬ್ಬಿಯ ಪಕ್ಕ.

ಅತ್ತಿಗೆಗೆ ಇನ್ನೂ ಹೇಳಿಲ್ಲ. ಮಿಕ್ಕಿದ್ದನ್ನೆಲ್ಲ ಹೇಳಿದ್ದಾಳೆ, ಸಭೆ ಯಾವಾಗ, ಎಲ್ಲಿ, ಹೇಗೆ ಎದ್ದು ಮಾತಾಡಬೇಕು, ಅಂಥ ಪಟ್ಟಿ ಮಾಡಿದವರು ಯಾರು ಎಂದು ಅತ್ತಿಗೆ ಕೇಳಿದಾಗ ಮಾತ್ರ ಯಾರೋ ಎಂದು ಮುಖ ತಿರುಗಿಸಿದ್ದಾಳೆ, ನುಂಗಲಾರದ ತುತ್ತು ಅದು, ಬೇರೆ ಯಾರ ಮುಂದೆಯಾದರೂ ತಪ್ಪು ಒಪ್ಪಿಕೊಳ್ಳಬಹುದು, ಅಣ್ಣ ಸತ್ತ ಮೇಲೆ, ಗಂಡನ ತಂಗಿಯನ್ನು ಇನ್ನೇಕೆ ಸಾಕುತ್ತೀಯ ಎಂದ ನೆಂಟರಿಗೆ ಬಾಗಿಲು ತೋರಿಸಿದವಳ ಮುಂದೆ ಹೇಗೆ. ಟೈಪಿಂಗ್ ಕಲಿಸುವಲ್ಲಿ ದಿನಕ್ಕೆ ಒಂದೇ ಗಂಟೆ ಯಂತ್ರ ಸಿಗುತ್ತಿತ್ತು, ಅಷ್ಟರಲ್ಲಿ ಪರೀಕ್ಷೆ ಪಾಸಾಗುವುದು ದೂರದ ಮಾತು, ಅತ್ತಿಗೆ ಒಂದು ರಟ್ಟಿನ ಮೇಲೆ ಕೀಲಿಮಣೆ ಬರೆದುಕೊಟ್ಟಳು, ಸಾಲು ಸಾಲಾಗಿ ಅಕ್ಷರ, ಸದ್ದೇ ಮಾಡದ ಕೀಲಿಗಳು, ಕೆಲಸದಿಂದ ಬಂದು ಕಾಲು ನೀಡಿ ಗೋಡೆಗೊರಗಿ ಹಳೇ ಪೇಪರು ಓದುತ್ತಿದ್ದಳು, ಇವಳು ರಟ್ಟಿನ ಮೇಲೆ ಹೊಡೆಯುತ್ತಿದ್ದಳು, ಸೋಪಿನ ನೀರಿಗೆ ಬೆಂದು ಬೆರಳ ತುದಿಯೆಲ್ಲ ಬಿಳುಚಿದ ಆ ಕೈಯಲ್ಲಿ ಪೇಪರು, ತಪ್ಪಾಗಿ ಇವಳು ನಿಂತುಬಿಟ್ಟರೆ ಅತ್ತಿಗೆ ತಲೆಯೆತ್ತದೆ ಒಂದೇ ಮಾತು, ಮುಂದೆ, ತಪ್ಪಿದ್ದು ತಪ್ಪಿತು, ಮುಂದೆ ಪುಟ್ಟಿ. ಹದಿನೇಳನೇ ನಂಬರಿನ ಮನೆ, ಒಂದೇ ಕೋಣೆ, ಕಿಟಕಿಗೆ ಅರ್ಧ ಬಾಗಿಲು, ನೌಕರಿಯ ಆದೇಶ ಬಂದ ದಿನವೂ ಬೀಗ ಹಾಕಿತ್ತು, ಅಂಚೆಯವನು ಲಕೋಟೆಯನ್ನು ಬಾಗಿಲ ಕೆಳಗೆ ತೂರಿಸಿ ಹೋಗಿದ್ದ. ಅಂಚೆಯವನಿಗೆ ಗೊತ್ತಿತ್ತು, ಬೀಗ ಹಾಕಿದೆ ಎಂದರೆ ಸಂಜೆ ಯಾರೋ ಬರುತ್ತಾರೆ ಎಂದು.

ಮೇಡಂ, ಬರ್ಕೊಳ್ಳಿ — ನೋಡೋಣ ಸಾಹೇಬರ ದನಿ, ಇವತ್ತು ಗಂಟಲು ನುಣುಪಾಗಿದೆ — ಸದರಿ ಬೀಳು ಜಾಗದ ಕುರಿತು ಯಾವುದೇ ಆಕ್ಷೇಪಣೆ ಬಂದಿರುವುದಿಲ್ಲ, ಪೂರ್ಣವಿರಾಮ. ಬೆರಳು ಸದರಿವರೆಗೆ ಹೋಗಿ ನಿಂತಿದೆ, ಹಿಂದೆ ಕುರ್ಚಿ ಸರಿದ ಸದ್ದು, ಅತ್ತಿಗೆ ಎದ್ದಿದ್ದಾಳೆ, ನಂದಿದೆ ಆಕ್ಷೇಪಣೆ. ಮೈಕು ಇಲ್ಲದೆಯೂ ಎಷ್ಟು ಗಟ್ಟಿ, ವರ್ಷಗಟ್ಟಲೆ ಬಟ್ಟೆ ಒಗೆಯುವ ಯಂತ್ರಗಳ ಗದ್ದಲದ ಮೇಲೆ ಮಾತಾಡಿದ ದನಿ ಅದು. ವೇದಿಕೆಯ ನಡುವೆ ಕೂತ ಅಧ್ಯಕ್ಷರು ಕನ್ನಡಕ ಮೇಲೇರಿಸಿ, ನೀವು ಎಲ್ಲಿಯವರಮ್ಮ, ಆ ಜಾಗದ ನಿವಾಸಿಗಳು ಮಾತ್ರ ಆಕ್ಷೇಪಣೆ ಹೇಳಬಹುದು. ನಾನು ಅಲ್ಲಿಯವಳೇ, ಹದಿನೇಳನೇ ನಂಬರು. ಸಾಹೇಬರು ಪಟ್ಟಿಯ ಮೇಲೆ ಬೆರಳು ಓಡಿಸುತ್ತಾರೆ, ಗೊತ್ತಿದ್ದೂ ಓಡಿಸುತ್ತಾರೆ, ಎಷ್ಟು ಚೆನ್ನಾಗಿ ಹುಡುಕುವ ನಾಟಕ, ದಾಖಲೆ ಪ್ರಕಾರ ಅಲ್ಲಿ ಮನೆಯೇ ಇಲ್ಲ ಸರ್, ಬೀಳು. ಅಂದರೆ ಮನೆಯಿಲ್ಲದ್ದರಿಂದ ಅತ್ತಿಗೆ ನಿವಾಸಿಯಲ್ಲ, ನಿವಾಸಿಯಲ್ಲದ್ದರಿಂದ ಮನೆಯಿದೆ ಎಂದು ಹೇಳುವಂತಿಲ್ಲ, ಅಬ್ಬಾ, ಎಷ್ಟು ಅಚ್ಚುಕಟ್ಟಾಗಿ ಮುಚ್ಚಿದ್ದಾರೆ, ಗಾಳಿಯಾಡಲೂ ಸಂದಿಲ್ಲ. ಅತ್ತಿಗೆ ಕೂರಲಿಲ್ಲ. ಅಲ್ಲಿ ಮನೆ ಇಲ್ಲ ಅನ್ನೋದಾದ್ರೆ, ಅಲ್ಲಿ ಕೂತ್ಕೊಂಡು ಟೈಪು ಮಾಡ್ತಿದ್ದಾಳಲ್ಲ, ಅವಳಿಗೆ ಕೆಲಸ ಕೊಟ್ಟ ಕಾಗದ ಯಾವ ಬಾಗಿಲಿಗೆ ಬಂತು ಸ್ವಾಮಿ, ನೀವೇ ಕಳಿಸಿದ್ದು, ಸರ್ಕಾರದ ಮುದ್ರೆ ಹಾಕಿ. ಎಂಟು ತಲೆ ತಿರುಗಿದವು, ಅಧ್ಯಕ್ಷರ ತಲೆಯೂ ತಿರುಗಿತು, ಸಾಹೇಬರು ಮಾತ್ರ ತಿರುಗದೆ ಎರಡು ಬೆರಳಿನಿಂದ ಮೇಜು ತಟ್ಟಿದರು — ಟಕ್ ಟಕ್ — ಸುಮ್ಮನಿರಿ ಎಂದು, ಹುಷಾರು ಎಂದು, ತಲೆ ನಿಮ್ಮದು ಎಂದು.

ಹೌದು, ನನ್ನದೇ ತಲೆ, ಎಂದುಕೊಂಡಳು, ಆಡಿಸುವುದೂ ಬಿಡುವುದೂ ಇನ್ನು ನನ್ನಿಷ್ಟ — ಎದ್ದದ್ದು ಯಾವಾಗ, ಚೀಲಕ್ಕೆ ಕೈ ಹಾಕಿದ್ದು ಯಾವಾಗ, ಪುಸ್ತಕದ ಜೊತೆ ಊಟದ ಡಬ್ಬಿಯೂ ಮೇಲೆ ಬಂದು ಮೇಜಿನ ಮೇಲೆ ಸದ್ದು ಮಾಡಿತು, ಯಾರೋ ಕಿಸಕ್ಕೆಂದರು, ನಗಲಿ, ಪುಸ್ತಕದ ಮೊದಲ ಪುಟವನ್ನು ಅಧ್ಯಕ್ಷರ ಕಡೆಗೆ ತೆರೆದಿಟ್ಟಳು. ಪಟ್ಟಿ ಟೈಪು ಮಾಡಿದ್ದು ನಾನು ಸರ್. ಪುಸ್ತಕದಲ್ಲಿ ಬೀ ಅಂತ ಇತ್ತು, ಬೀಗ ಅಂತ ಅದರ ಅರ್ಥ, ನಾನು ಬೀಳು ಅಂತ ಹೊಡೆದೆ, ನಲವತ್ತೊಂದು ಸಲ. ಆಯಿತು, ಹೊರಗೆ ಬಂತು, ಕೊನೆಯ ಸಾಲಿನ ಕಡೆ ನೋಡಲಾರಳು, ನೋಡಬಾರದು, ಸಾಹೇಬರು ಆಗಲೇ ಎದ್ದು ಕೈ ತೊಳೆದುಕೊಳ್ಳುತ್ತಿದ್ದಾರೆ, ನೋಡಿ ಸರ್, ಅವರೇ ಒಪ್ಪಿಕೊಂಡರು, ಇದು ಕೇವಲ ಟೈಪಿಂಗ್ ತಪ್ಪು, ಇಲಾಖೆಗೂ ಇದಕ್ಕೂ ಸಂಬಂಧವಿಲ್ಲ. ಕೇವಲವಂತೆ. ನಲವತ್ತೊಂದು ಮನೆಯವರ ತಲೆಯ ಮೇಲಿನ ಸೂರಿಗೆ ಕೇವಲ. ಸಾಹೇಬರ ಕಡೆ ತಿರುಗಿದಳು, ತಪ್ಪು ನನ್ನದು ಸರ್, ಅದನ್ನ ಜೋಪಾನವಾಗಿ ಇಟ್ಕೊಂಡಿದ್ದು ನಿಮ್ಮದು, ಒಂದು ತಿಂಗಳ ಹಿಂದೆ ಇದೇ ಪುಸ್ತಕ ನಿಮ್ಮ ಮೇಜಿನ ಮೇಲಿಟ್ಟು ಹೇಳಿದ್ದೆ, ನನಗೆ ಏನು ಶಿಕ್ಷೆ ಕೊಡ್ತೀರೋ ಕೊಡಿ, ನೀವು ಏನು ಉತ್ತರ ಕೊಡ್ತೀರಿ ಅನ್ನೋದನ್ನೂ ಈಗ ಇಲ್ಲೇ ಬರ್ಕೋತೀನಿ, ಹೇಳಿ. ಸಾಹೇಬರು ಬಾಯಿ ತೆರೆದರು, ನೋಡೋಣ ಎಂಬ ಮಾತು ಅರ್ಧ ಬಂದು ನಾಲಿಗೆಯ ಮೇಲೇ ನಿಂತಿತು, ಅಧ್ಯಕ್ಷರು ಅವರನ್ನೇ ನೋಡುತ್ತಿದ್ದಾರೆ, ಹೌದೇನ್ರೀ, ನಿಮಗೆ ಗೊತ್ತಿತ್ತಾ. ಸಾಹೇಬರು ಪಟ್ಟಿಯ ಅಂಚು ನೀವತೊಡಗಿದರು. ಪುಸ್ತಕ ತೆರೆದಿದೆ, ಮೊದಲ ಪುಟದ ಮೂಲೆ ಕಾಣುತ್ತಿದೆ, ಇವಳಿಗೆ ಮುಂದೆ ಏನು ಹೇಳಬೇಕೋ ತೋಚುತ್ತಿಲ್ಲ, ಅತ್ತಿಗೆ ಎದ್ದು ಹೋಗಿರಬಹುದು, ಹೋಗಿದ್ದರೆ ಸರಿಯಾಗಿಯೇ ಮಾಡಿದಳು, ಉಂಡ ಮನೆಯನ್ನು ನಲವತ್ತೊಂದರಲ್ಲಿ ಒಂದಾಗಿ ಅಳಿಸಿದವಳ ಮುಖ ಯಾರು ನೋಡುತ್ತಾರೆ, ಆಗ ಕೊನೆಯ ಸಾಲಿನಿಂದ, ಪೇಪರಿನಿಂದ ತಲೆಯೆತ್ತದೆ ಹೇಳುತ್ತಿದ್ದ ಅದೇ ದನಿ.

ಮುಂದೆ, ಪುಟ್ಟಿ.

ಅಧ್ಯಕ್ಷರು ಏನೋ ಹೇಳುತ್ತಿದ್ದಾರೆ, ನಕ್ಷೆ ಇವತ್ತು ಮಂಜೂರಾಗಲ್ಲ, ಅಷ್ಟು ಕೇಳಿಸಿತು, ಆಮೇಲೆ ಮತ್ತೆ ಸರ್ವೆ, ಸಂಜೆ ಹೊತ್ತು, ಬಾಗಿಲು ತೆರೆದಿರುವಾಗ ಎಂಬಂಥದ್ದೇನೋ, ಹೇಳಿದ್ದನ್ನು ಮಾಡುತ್ತಾರೋ ಇಲ್ಲವೋ ಯಾರಿಗೆ ಗೊತ್ತು, ಮೂವತ್ತೊಂದು ವರ್ಷದಲ್ಲಿ ಎಷ್ಟು ಸಲ ಮಂಜೂರಾಗುವುದಿಲ್ಲ ಎಂದದ್ದು ಮಾರನೇ ವಾರ ಮಂಜೂರಾಗಿದೆ, ಈ ಬಾಯಿಮಾತನ್ನು ನಂಬಿಕೊಂಡು ಎದ್ದು ಹೋಗುವವಳಲ್ಲ ಇವಳು, ಬರೆದದ್ದಷ್ಟೇ ಇಲ್ಲಿ ಉಳಿಯುವುದು, ಬರೆಯುವುದು ಇವಳ ಕೆಲಸ, ಸಾಹೇಬರು ಬಗ್ಗಿ ಕಿವಿಯ ಹತ್ತಿರ, ಮೇಡಂ, ಸುಮ್ನೆ ಚರ್ಚೆ ನಡೆಯಿತು ಅಂತ ಹಾಕಿ ಸಾಕು, ಇಲ್ಲ ಸರ್, ಸಾಕಾಗಲ್ಲ. ಕೂತಳು. ಪರದೆಯ ಮೇಲೆ ಸದರಿ ಎಂಬ ಪದ ಇನ್ನೂ ಕಾಯುತ್ತಿತ್ತು, ಅದನ್ನು ಅಳಿಸಿದಳು, ಒಂದನೇ ನಂಬರು, ಬೀಗ, ಪೂರ್ತಿ ಎರಡೂ ಅಕ್ಷರ, ಎರಡನೇ ನಂಬರು, ಬೀಗ, ಬೀಳು ನೆಲಕ್ಕೆ ಯಾರು ಬೀಗ ಹಾಕುತ್ತಾರೆ, ಮೂರು, ಬೀಗ, ಬೆರಳುಗಳಿಗೆ ಈಗ ಆತುರವಿಲ್ಲ, ಒಂಬತ್ತು, ಬೀಗ, ಕಾಯಲಿ ಎಲ್ಲರೂ, ಊಟದ ಹೊತ್ತಾಗಲಿ, ನಲವತ್ತೊಂದನ್ನೂ ಹೊಡೆದೇ ಏಳುವುದು, ಹದಿನಾಲ್ಕು, ಬೀಗ, ಹದಿನೈದು, ಬೀಗ, ಹದಿನಾರು, ಬೀಗ, ಅದರ ಹಿಂದೆ ಗೊರಕೆ ಮಾಮ ಈಗಲೂ ಮಲಗಿದ್ದಾನೆ, ಹದಿನೇಳು —

ಹದಿನೇಳು, ಹಸಿರು ಅಂಗಿ, ಕತ್ತಿನ ಹತ್ತಿರ ಬಿಳಿ ಗುಂಡಿ, ಗುಂಡಿ ಹಾಕಿದೆ, ಗಾಳಿ ಬೀಸುತ್ತಿದೆ, ಸದ್ದಿಲ್ಲ, ಹಸಿರು ಅಂಗಿ, ಬಿಳಿ ಗುಂಡಿ, ಬೀಗ.