ಕೋಲಿಗೆ ಅಂಟಿದ ಹಸಿರು

ಹಳದಿ, ಗುಲ್ಜಾರ್‌ಬೀಯ ಬಲಗೈ ಹೆಬ್ಬೆರಳಿನ ಉಗುರಿನ ಅಂಚಿಗೆ ಗೆರೆ ಎಳೆದಂತೆ ಹಳದಿ, ಬೆವರೊರೆಸುವ ನೆಪದಲ್ಲಿ ಎಡಗಣ್ಣಿನ ಬಟ್ಟೆಪಟ್ಟಿಯನ್ನು ಕರೀಮ್ ಒಂದಿಷ್ಟು ಮೇಲೆತ್ತಿದ್ದಾಗಲೇ ಹೆಂಡತಿ ನೀರಿನ ಚೊಂಬು ಚಾಚಿದ್ದಳು, ಕಂಡಿತು, ಅರಿಶಿನವಿರಬೇಕು, ಬೆಳಿಗ್ಗೆ ಬೇಳೆ ಬೇಯಿಸಿದ ಕೈ, ಅವನು ತಟ್ಟನೆ ಪಟ್ಟಿ ಇಳಿಸಿ ಗಟಗಟ ನೀರು ಕುಡಿದು ಚೊಂಬು ವಾಪಸು ಕೊಟ್ಟ, ಒಣಗ್ತಾ ಐತೇನ್ರೀ ಎಂದು ಅವಳು ಕೇಳಿದಳು, ಒಣಗ್ದೆ ಇನ್ನೇನ್ ಮಾಡುತ್ತೆ ಎಂದು ಗದರಿದ, ಅವಳು ಚೊಂಬು ಹಿಡಿದು ಹಿತ್ತಲ ನಲ್ಲಿಯ ಕಡೆ ಹೋದಳು, ಒಣಗುತ್ತಿರುವುದೇ ಕಷ್ಟವಾಗಿದೆ, ಹಸಿಯಿದ್ದಾಗ ಬಾಯಿ ಮುಚ್ಚಿಕೊಂಡಿದ್ದ ತೇಪೆ ಒಣಗಿದಂತೆಲ್ಲ ಬಾಯಿ ಬಿಡುತ್ತಿದೆ — ತ್ಯಾವಣಿಗೆಯ ಈ ಮನೆಯ ಈ ಕೋಣೆಯಲ್ಲಿ ಮೂರಡಿ ಅಗಲದ ಕಿಟಕಿಯೊಂದಿತ್ತು, ಪಕ್ಕದಲ್ಲಿ ಹೊಸ ಕಟ್ಟಡ ಎದ್ದು ಗಾಳಿ ಬೆಳಕು ನಿಂತ ಮೇಲೆ ಮನೆಯ ಯಜಮಾನ ಪ್ರವೀಣ್ ಕುಮಾರ್ ಅದನ್ನು ಇಟ್ಟಿಗೆಯಿಂದ ಮುಚ್ಚಿಸಿ ಗಾರೆ ಮಾಡಿಸಿದ, ಆ ಜಾಗಕ್ಕೆ ಬಣ್ಣ ಹಚ್ಚಿ ಹಳೇ ಗೋಡೆಯೊಳಗೆ ಮಾಯ ಮಾಡಬೇಕು, ಇಷ್ಟೇ ಕೆಲಸ, ಇಡೀ ಗೋಡೆಗೇ ಹೊಸದಾಗಿ ಬಳಿಯೋಣ ಅಂದರೆ ಅವನ ತಾಯಿ ಕೊಟ್ರಮ್ಮ ಒಪ್ಪಲಿಲ್ಲ, ಮಂಚದ ತಲೆದಿಕ್ಕಿಗೆ ಅಂಗೈ ಅಗಲದಷ್ಟು ಎಣ್ಣೆಯ ಕಲೆ ಇದೆ, ಅವರ ಗಂಡ ಕಲ್ಲೇಶಪ್ಪನವರು ಹತ್ತು ವರ್ಷ ತಲೆ ಒರಗಿಸಿ ಪೇಪರ್ ಓದಿದ ಕಲೆ, ಅವರು ತೀರಿಕೊಂಡು ಎರಡು ವರ್ಷವಾಯಿತು, ಕಲೆ ಹಾಗೇ ಇದೆ, ನೋಡಪ್ಪ ಕರೀಮ, ಕಿಟಕಿ ಜಾಗ ಏನಾರ ಮಾಡ್ಕೊ, ಇದಕ್ ಮಾತ್ರ ಬ್ರಷ್ ಹಚ್ಚಬ್ಯಾಡ ಎಂದರು ಕೊಟ್ರಮ್ಮ, ಮಗ ಅಂಗಳದಲ್ಲಿ ಬೈಕ್ ಹತ್ತುತ್ತ ಬೇರೆಯೇ ಹೇಳಿದ, ಕರೀಮಣ್ಣ, ಮಧ್ಯಾಹ್ನದ ಬಾಂಗ್ ಆದ್ಮೇಲೆ ಬರ್ತೀನಿ, ತೇಪೆ ಕಂಡ್ರೆ ಅಮ್ಮನ ಮಾತು ಕೇಳಲ್ಲ, ಚನ್ನಗಿರಿ ಅಂಗ್ಡಿಯೋರು ಮಷಿನ್ನಾಗೆ ಬಣ್ಣ ಕಲಸಿ ಕೊಡ್ತಾರೆ, ಇಡೀ ಮನೆಗೆ ಅದನ್ನೇ ಹೊಡಿಸಿಬಿಡ್ತೀನಿ, ನಿಮ್ ಕಣ್ಣು ಮೊದ್ಲಿನಂಗಿಲ್ಲ ಅಂತಾರೆ ಜನ — ಯಾವ ಜನ, ಯಾರ ಬಾಯಲ್ಲಿ ಬಂತು ಈ ಮಾತು, ಸಿಕ್ಕಿದ್ದರೆ ಅವನ ಮುಖಕ್ಕೇ ಒಂದು ಬಕೆಟ್ ಎರಚುತ್ತಿದ್ದೆ.

ಕಣ್ಣು, ಎಲ್ಲ ಈ ಕಣ್ಣಿಂದ ಶುರುವಾದದ್ದು, ಇಪ್ಪತ್ತು ದಿನದ ಹಿಂದೆ ದಾವಣಗೆರೆಯಲ್ಲಿ ಎಡಗಣ್ಣಿನ ಪೊರೆ ತೆಗೆಸಿಕೊಂಡ, ಬಲಗಣ್ಣಿಗೆ ಮುಂದಿನ ತಿಂಗಳು, ಕಟ್ಟು ಬಿಚ್ಚಿದ ದಿನ ನರ್ಸಮ್ಮನ ಕೋಟು ನೋಡಿ ಕಣ್ಣು ಕುಕ್ಕಿ ನೀರು ಬಂತು, ಅಷ್ಟು ಬಿಳಿಯನ್ನು ಅವನು ಎಷ್ಟೋ ವರ್ಷದಿಂದ ಕಂಡಿರಲಿಲ್ಲ, ಬಲಗಣ್ಣಲ್ಲಿ ನೋಡಿದರೆ ಅದೇ ಕೋಟು ಟೀ ಚೆಲ್ಲಿ ಒಗೆದಂತೆ, ಎಡಗಣ್ಣಲ್ಲಿ ನೋಡಿದರೆ ಆಗಷ್ಟೇ ಅದ್ದಿದ ಸುಣ್ಣ, ಡಾಕ್ಟರು ನಕ್ಕು, ಪೊರೆ ಹಳದಿಯಾಗಿತ್ತಪ್ಪ, ಹಳದಿ ಗಾಜಿನೊಳಗಿಂದ ನೋಡ್ತಿದ್ದೆ ನೀನು ಎಂದರು, ಆಮೇಲೆ ಒಂದು ಹನಿ ಬಣ್ಣವೂ ಆ ಕಣ್ಣಿಗೆ ಸಿಡಿಯಬಾರದು ಎಂದು ಗುಲ್ಜಾರ್‌ಬೀಗೆ ಒತ್ತಿ ಹೇಳಿದರು, ಅದಕ್ಕೇ ಅವಳು ತನ್ನ ಹಳೇ ಬುರ್ಖಾದ ತುಂಡಿನಲ್ಲಿ ಎರಡು ಮಡಿಕೆಯ ಪಟ್ಟಿ ಹೊಲಿದು ಇವತ್ತು ಕೆಲಸಕ್ಕೆ ಹೊರಡುವಾಗ ತಾನೇ ಕಟ್ಟಿದಳು, ಕೆಲಸ ಮುಗಿಯೋ ತನ್ಕ ಬಿಚ್ಚಿದ್ರೆ ನನ್ ಮೇಲಾಣೆ, ಆಯ್ತು ಮಾರಾಯ್ತಿ ಅಂದ, ಸಂತೇಬೆನ್ನೂರಿನಿಂದ ಇಲ್ಲಿಗೆ ಬರುವ ದಾರಿಯಲ್ಲೇ ಆಣೆ ಮುರಿದ, ಅವಳು ಬಸ್ಸಿನ ಹಿಂದಿನ ಸೀಟಲ್ಲಿ, ಇವನು ಮುಂದೆ, ಮೆಲ್ಲಗೆ ಪಟ್ಟಿ ಎತ್ತಿ ಈಚೆಗೆ ತಾನೇ ಬಳಿದ ಮನೆಗಳನ್ನು ನೋಡುತ್ತ ಬಂದ, ಓಬಳೇಶನ ಅಂಗಡಿಯ ಕೆನೆ ಬಣ್ಣ ಸರಿಯಿದೆ, ಅದರ ಪಕ್ಕದ ತಿಳಿಹಸಿರು ಸರಿಯಿದೆ, ಹೊಸ ಕಣ್ಣಲ್ಲಿ ನೋಡಿದರೂ ಎಲ್ಲ ಸರಿಯಿದೆ, ಎದೆ ಉಬ್ಬಿತು, ಪೊರೆ ಕಟ್ಟಿದ ಕಣ್ಣಲ್ಲಿ ಕಲಸಿದರೂ ಒಂದು ಎಳೆ ತಪ್ಪಿಲ್ಲ, ಮಷಿನ್ ಬರಲಿ ನೋಡೋಣ — ಇಲ್ಲಿಗೆ ಬಂದ ಮೇಲೆ ಗುಲ್ಜಾರ್ ನೀರು ತರಲು ಹೋದಾಗ ಮತ್ತೆ ಪಟ್ಟಿ ಎತ್ತಿದ, ಬಿಳಿ ಡಿಸ್ಟೆಂಪರಿಗೆ ನೀಲಿ, ಹಳದಿ, ಮತ್ತೆ ಹಳದಿ, ಹನಿ ಹನಿಯಾಗಿ, ಕೆಲಸ ಕಲಿಸಿದ ಚಿತ್ತಪ್ಪನ ದನಿ ಕಿವಿಯಲ್ಲೇ ಇತ್ತು, ಚನ್ನಗಿರಿಯಲ್ಲಿ ಬೋರ್ಡ್ ಬರೆಯುತ್ತಿದ್ದ ಚಿತ್ತಪ್ಪ, ಕೆಂಪು ಹಳದಿ ನೀಲಿ, ಇವು ಮೂರು ಯಾರ್ಗೂ ಹುಟ್ಟಿದವಲ್ಲ ಕಣೋ, ಯಾವ ಎರಡನ್ನ ಕಲಸಿದ್ರೂ ಇವು ಬರಲ್ಲ, ಮಿಕ್ಕವೆಲ್ಲ ಇವುಗಳ ಮಕ್ಕಳು ಮೊಮ್ಮಕ್ಕಳು, ಹಸಿರು ಐತಲ್ಲ, ನೀಲಿಗೂ ಹಳದಿಗೂ ಹುಟ್ಟಿದ ಕೂಸು, ಯಾರ ಕಡೆ ವಾಲುತ್ತೆ ಅಂತ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಿರ್ಬೇಕು, ಜಾಸ್ತಿ ಕಿರುಚಾಕೆ ಹತ್ತಿದ್ರೆ ಕೆಂಪು ಒಂದು ಹನಿ, ಸುಮ್ಮನಾಗುತ್ತೆ, ಎರಡು ಹನಿ ಆದ್ರೆ ಕೆಸರು — ಕಲಸಿ ಕಲಸಿ ಹಳೇ ಗೋಡೆಯ ಹಸಿರನ್ನೇ ಹಿಡಿದ, ಎಳೆ ಬಾಳೆಎಲೆಯ ಹಸಿರು, ಹನ್ನೆರಡು ವರ್ಷದ ಹಿಂದೆ ಕಲ್ಲೇಶಪ್ಪನವರ ಎದುರು ತಾನೇ ಕಲಸಿದ್ದ ಹಸಿರು, ಪಟ್ಟಿ ಇಳಿಸಿದ, ಕಲಸಿದ ಕೋಲನ್ನು ತೊಳೆಯದೆ ಅಂಗಳದ ಬಿಸಿಲಿಗೆ ಒರಗಿಸಿಟ್ಟ, ಅದೂ ಚಿತ್ತಪ್ಪ ಹಾಕಿಕೊಟ್ಟ ಪದ್ಧತಿ, ಕೆಲಸ ಮುಗಿಯುವವರೆಗೂ ಕೋಲು ತೊಳೆಯಬಾರದು, ಒಣಗಿದ ಕೋಲು ನೋಡಿದರೆ ಒಣಗಿದ ಗೋಡೆ ಹೇಗಿರುತ್ತದೆಂದು ಗೊತ್ತಾಗುತ್ತದೆ, ಬಕೆಟ್ಟು ಗುಲ್ಜಾರ್‌ಬೀಯ ಕೈಗೆ ಹೋಯಿತು, ಅವಳು ಎಂದಿನಂತೆ ಹಿತ್ತಲಿಗೆ ಒಯ್ದು ಸೀರೆ ತುಂಡಿನಲ್ಲಿ ಸೋಸಿ ಗಂಟು ಗಸಿ ತೆಗೆದು ಇನ್ನೊಂದು ಬಕೆಟ್ಟಿಗೆ ಇಳಿಸಿ ತಂದಳು, ಅವನು ಬಲಗಣ್ಣೊಂದರಲ್ಲೇ ಬಳಿದ, ಎರಡು ಕೋಟು.

ಈಗ ಇದು, ಮತ್ತೆ ಪಟ್ಟಿ ಎತ್ತಿ ನೋಡುತ್ತಾನೆ, ಸುತ್ತ ಎಳೆ ಬಾಳೆಎಲೆ, ನಡುವೆ ಮೂರಡಿ ಅಗಲಕ್ಕೆ ಹಣ್ಣಾಗಲು ಹೊರಟ ಎಲೆ, ಹಳದಿ ಮೇಲೆ ಬಂದುಬಿಟ್ಟಿದೆ, ಕುರುಡನೂ ಹೇಳಬಹುದು ಇಲ್ಲೊಂದು ಕಿಟಕಿ ಇತ್ತು ಅಂತ, ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡುತ್ತಾನೆ, ತೇಪೆಯೇ ಇಲ್ಲ, ಗೋಡೆಯೆಲ್ಲ ಒಂದೇ ಸಮ, ಎಡಗಣ್ಣು ತೆರೆದರೆ ತೇಪೆ, ಮುಚ್ಚಿದರೆ ಗೋಡೆ, ಯಾ ಅಲ್ಲಾ, ಒಂದೇ ತಲೆಯಲ್ಲಿ ಎರಡು ಕಣ್ಣು ಎರಡು ಮಾತಾಡಿದರೆ ಮನುಷ್ಯ ಯಾರನ್ನು ನಂಬಬೇಕು, ಕಲಸಿದ್ದು ಎಡಗಣ್ಣು, ತಪ್ಪು ಅಂತಿರುವುದೂ ಎಡಗಣ್ಣೇ, ಬೆಳಿಗ್ಗೆ ಸರಿಯೆಂದದ್ದು ಮಧ್ಯಾಹ್ನಕ್ಕೆ ತಪ್ಪು ಅಂತಿದೆ, ಹಾಗಾದರೆ ಈ ಕಣ್ಣು ಕೆಟ್ಟಿತೇ, ಭಯ, ಮದುವೆಯ ದಿನ ಬಿಟ್ಟರೆ ಇಷ್ಟು ಭಯಪಟ್ಟದ್ದು ನೆನಪಿಲ್ಲ, ಬಲಗಣ್ಣಿಗೆ ಕತ್ತರಿ ಹಾಕಿಸಿಕೊಳ್ಳುವುದೇ ಬೇಡ, ಹೋಗಿ ಹೇಳಿಬಿಡುತ್ತೇನೆ, ಇರೋದಾದರೂ ಇರಲಿ — ಅಮ್ಮಾರೇ, ಒಂದು ಸಲ ನೋಡ್ರಿ ಇಲ್ಲಿ, ಬಣ್ಣ ಹೊಂದೈತಾ ಎಂದು ಕೇಳಿದ, ಕೊಟ್ರಮ್ಮ ಮಂಚದಿಂದಲೇ ಕತ್ತು ಚಾಚಿ, ನಂಗೆ ಎಲ್ಲಾ ಒಂದೇ ಥರ ಕಾಣ್ತೈತಪ್ಪ, ನೀನೂ ಒಂದೇ ಥರ ಗೋಡೆನೂ ಒಂದೇ ಥರ ಎಂದು ತಮ್ಮ ಮಾತಿಗೆ ತಾವೇ ನಕ್ಕು, ಆಮೇಲೆ ನಗು ಬಿಟ್ಟು, ಹೊಂದಿಸ್ತೀಯಲ್ಲಪ್ಪ, ಅವನು ಬಂದು ಇದನ್ನೂ ಅಳಿಸಿಬಿಟ್ಟಾನು ಎಂದು ಕಲೆಯ ಮೇಲೆ ಬೆನ್ನು ಒರಗಿಸಿ ಕೂತರು, ಗುಲ್ಜಾರಳನ್ನು ಕೇಳಬಹುದಿತ್ತು, ಅವಳಿಗೇನು ಗೊತ್ತು, ಇಪ್ಪತ್ತೈದು ವರ್ಷದಿಂದ ಸೋಸುವವಳು, ಊರಿನವರೆದುರು ಎಷ್ಟು ಸಲ ಹೇಳಿಲ್ಲ ತಾನು, ಬಣ್ಣ ನಂದು, ಗಸಿ ಅವಳದು ಅಂತ, ಎಲ್ಲರೂ ನಗುತ್ತಿದ್ದರು, ಅವಳೂ ನಗುತ್ತಿದ್ದಳು.

ಬಾಂಗ್ ಶುರುವಾಯಿತು, ಮಸೀದಿ ದೂರ, ದನಿ ಗಾಳಿಗೆ ಹೋಗಿ ಬಂದು ಮಾಡುತ್ತಿದೆ, ಇನ್ನೇನು ಬೈಕ್ ಬರುತ್ತದೆ, ಕೋಲು, ಕೋಲು ಒಣಗಿರಬೇಕು, ಅಂಗಳಕ್ಕೆ ಓಡಿ ಅದನ್ನು ತಂದು ಗೋಡೆಗೆ ಒತ್ತಿ ಹಿಡಿದ, ಹಳೇ ಗೋಡೆಗೆ, ಎಡಗಣ್ಣಲ್ಲಿ ನೋಡಿದ, ಕೋಲಿನ ಮೇಲಿನ ಹಸಿರು ಎಲ್ಲಿ ಮುಗಿಯಿತು ಗೋಡೆಯ ಹಸಿರು ಎಲ್ಲಿ ಶುರುವಾಯಿತು ತಿಳಿಯಲಿಲ್ಲ, ಎಳೆ ಬಾಳೆಎಲೆ, ಹನ್ನೆರಡು ವರ್ಷದ ಹಿಂದಿನದೇ, ಕಣ್ಣು ಸರಿಯಿದೆ, ಕೈ ಸರಿಯಿದೆ, ಖುದಾ ದೊಡ್ಡವನು, ಕೋಲನ್ನು ತೇಪೆಯ ಮೇಲಿಟ್ಟ, ಅಲ್ಲಿ ಬೇರೆ, ತೇಪೆ ಹಳದಿಗೆ ವಾಲಿದೆ, ಒಂದೇ ಬಕೆಟ್ಟಿನ ಬಣ್ಣ ಕೋಲಿಗೆ ಒಂದು ಗೋಡೆಗೆ ಒಂದು ಹೇಗಾಯಿತು, ಬಕೆಟ್ಟಿಗೂ ಗೋಡೆಗೂ ನಡುವೆ ಏನಿದೆ, ಸೋಸುವ ಬಟ್ಟೆ, ಬಟ್ಟೆಗೂ ಬಕೆಟ್ಟಿಗೂ ನಡುವೆ, ಹೆಬ್ಬೆರಳು, ಉಗುರಿನ ಅಂಚಿನಲ್ಲಿ ಹಳದಿ, ಅರಿಶಿನವಲ್ಲ, ಅರಿಶಿನ ಅಷ್ಟು ನುಣ್ಣಗೆ ಗೆರೆ ಎಳೆದಂತೆ ಕೂರುವುದಿಲ್ಲ, ಬಾಟಲಿಯ ಮುಚ್ಚಳ ತಿರುಗಿಸುವ ಬೆರಳಿಗೆ ಹಾಗೆ ಕೂರುತ್ತದೆ — ಕತ್ತಲಗೆರೆ, ಜಯಪ್ಪನ ಮನೆ, ಮೂರು ವರ್ಷವಾಯಿತಲ್ಲ, ಕೆನೆ ಬಣ್ಣ ಅಂದಿದ್ದ ಜಯಪ್ಪ ಒಣಗಿದ ಮೇಲೆ ಬಂದು ನೋಡಿ, ಏನ್ ಸಾಬ್ರೇ, ಕೆನೆ ಅಂದ್ರೆ ಸುಣ್ಣ ಹೊಡ್ದೀರಲ್ರಿ ಎಂದ, ಕರೀಮನ ಕಣ್ಣಿಗೆ ಕೆನೆಯೇ ಇತ್ತು, ಕೆನೆ ಯಾವುದು ಸುಣ್ಣ ಯಾವುದು ಅಂತ ನಂಗೆ ಹೇಳಾಕೆ ಬರ್ತೀಯಾ ಎಂದು ಬೀದಿಗೆ ಕೇಳುವಂತೆ ಕೂಗಾಡಿದ್ದ, ಮಾರನೇ ದಿನ ಅದೇ ಲೆಕ್ಕದಲ್ಲಿ ಕಲಸಿ ಎರಡನೇ ಕೋಟು ಹೊಡೆದ, ಅದು ಒಣಗಿದ ಮೇಲೆ ಜಯಪ್ಪನೇ ಈಗ ಸರಿ ಆತು ನೋಡ್ರಿ ಎಂದ, ಮೊದಲೇ ಹೇಳಿದ್ನಲ್ಲ ಎಂದು ಮೀಸೆ ತಿರುವಿದ್ದು ತಾನು, ಜಯಪ್ಪನ ಮಾತು ಕೇಳಿಸಿಕೊಂಡು ಅವತ್ತು ಸೋಸಿದ್ದು ಅವಳು — ಹಳದಿ ಗಾಜಿನೊಳಗಿಂದ ನೋಡುವವನಿಗೆ ಎಲ್ಲವೂ ಮೊದಲೇ ಹಳದಿ, ಅವನು ಹಳದಿಯನ್ನು ಕಮ್ಮಿಯೇ ಹಾಕುತ್ತಾನೆ, ಮೂರು ವರ್ಷ ಕಮ್ಮಿ ಹಾಕಿದ್ದಾನೆ, ಮೂರು ವರ್ಷ ಯಾರೋ ತುಂಬಿಕೊಟ್ಟಿದ್ದಾರೆ, ಓಬಳೇಶನ ಕೆನೆ ಸರಿಯಿದ್ದದ್ದು, ತಿಳಿಹಸಿರು ಸರಿಯಿದ್ದದ್ದು, ಬೆಳಿಗ್ಗೆ ಬಸ್ಸಿನಲ್ಲಿ ಉಬ್ಬಿದ ಎದೆ, ಅದೆಲ್ಲ ಯಾರದು, ಬಣ್ಣ ನಂದು ಗಸಿ ಅವಳದು, ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು, ಒಂದು ಮಾತು ಹೇಳಬಾರದಿತ್ತೇ ಇವಳು, ಹೇಳಿದ್ದರೆ, ಹೇಳಿದ್ದರೆ ಬಕೆಟ್ ಒದೆಯುತ್ತಿದ್ದೆ, ಅವಳಿಗೆ ಗೊತ್ತು, ಇವತ್ತೂ ಹಾಕಿದ್ದಾಳೆ, ಯಾಕೆ ಹಾಕುವುದಿಲ್ಲ, ಪಟ್ಟಿಯನ್ನು ತನ್ನ ಕೈಯಾರೆ ಕಟ್ಟಿದ್ದಾಳೆ, ಗಂಡ ಆಣೆ ಉಳಿಸಿಕೊಂಡು ಹಳೇ ಕಣ್ಣಲ್ಲೇ ಕಲಸಿದ ಎಂದು ನಂಬಿದ್ದಾಳೆ.

ಕೋಣೆಯ ಮೂಲೆಯಲ್ಲಿ ಇನ್ನರ್ಧ ಡಬ್ಬಿ ಬಿಳಿ ಉಳಿದಿದೆ, ಮತ್ತೆ ಕಲಸುತ್ತಾನೆ, ಪಟ್ಟಿ ಹಣೆಯ ಮೇಲೆ, ನೀಲಿ, ಹಳದಿ, ಹಳದಿ, ಕೆಂಪಿನ ಒಂದೇ ಹನಿ, ಅದೇ ಕೋಲು ಅದೇ ಹಸಿರು, ಹಿಡಿದ, ಇದನ್ನು ಸೋಸದೆ ತಾನೇ ಬಳಿದುಬಿಡಬಹುದು, ಗಂಟು ಗೋಡೆಗೆ ಕೂರುತ್ತದೆ, ಗಂಟು ಕೂತರೆ ತೇಪೆ ಮತ್ತೆ ಕಾಣುತ್ತದೆ, ಸೋಸಲೇಬೇಕು, ಪಟ್ಟಿ ಇಳಿಸಿ ಕರೆದ, ಗುಲ್ಜಾರ್, ಇನ್ನೊಂದು ಕೋಟು ಹೊಡೀತೀನಿ, ಸೋಸ್ಕಂಡು ಬಾ, ಅವಳು ಬಕೆಟ್ ಎತ್ತಿಕೊಂಡು ಹೋದಳು, ಬೇರೆ ದಿನವಾದರೆ ಅವನು ಬ್ರಷ್ ತೊಳೆಯುತ್ತ ಕೂರುತ್ತಿದ್ದ, ಇವತ್ತು ಹೆಜ್ಜೆಯ ಸದ್ದಿಲ್ಲದೆ ಹಿಂದೆಯೇ ಹೋಗಿ ಹಿತ್ತಲ ಬಾಗಿಲಲ್ಲಿ ನಿಂತ, ಅವಳು ಸೀರೆ ತುಂಡು ಹಾಸಿ ಬಣ್ಣ ಸುರಿದು ಹಿಂಡಿದಳು, ಗಸಿಯನ್ನು ಕಲ್ಲಿಗೆ ಒರೆಸಿದಳು, ಊಟದ ಚೀಲಕ್ಕೆ ಕೈ ಹಾಕಿ ಉಪ್ಪಿನಕಾಯಿ ಡಬ್ಬಿಯ ಅಡಿಯಿಂದ ಪುಟ್ಟ ಬಾಟಲಿ ತೆಗೆದಳು, ಬಿಸ್ಮಿಲ್ಲಾ ಅಂದಳು, ಮುಚ್ಚಳ ತಿರುಗಿಸಿ ಅದರೊಳಕ್ಕೆ ಹಳದಿ ಬಗ್ಗಿಸಿದಳು, ಬಕೆಟ್ಟಿನ ಮೇಲೆ ಹಿಡಿದಳು — ಬ್ಯಾಡ ಅಂದ ಕರೀಮ್, ಅವಳು ತಿರುಗಿ ನೋಡಿದಳು, ಅವನು ಪಟ್ಟಿಯನ್ನು ಬಿಚ್ಚಿ ಕೈಯಲ್ಲಿ ಹಿಡಿದಿದ್ದ, ಎರಡೂ ಕಣ್ಣು ತೆರೆದಿದ್ದವು, ಬೆಳಿಗ್ಗೆನೂ ಬಿಚ್ಚಿದ್ರೇನ್ರೀ ಎಂದು ಕೇಳಿದಳು ಬಹಳ ಸಣ್ಣ ದನಿಯಲ್ಲಿ, ಹೂಂ ಅಂದ, ಹಂಗಾದ್ರೆ ನಾನೇ ಕೆಡಿಸ್ದೆ ಎಂದಳು, ಇಲ್ಲ, ಇಲ್ಲ ಅನ್ನಬೇಕು, ಕತ್ತಲಗೆರೆಯ ಕೆನೆ ನಿಂದು ಅನ್ನಬೇಕು, ಓಬಳೇಶನ ಅಂಗಡಿ ನಿಂದು, ಬಸ್ಸಿನ ದಾರಿಯ ಮನೆಗಳೆಲ್ಲ ನಿಂದು ಅನ್ನಬೇಕು, ಬೀದಿಯ ತುದಿಯಲ್ಲಿ ಬೈಕಿನ ಸದ್ದು, ಬಕೆಟ್ಟು ತಗೋಬೇಕು, ಓಡಬೇಕು, ಬಳಿಯಬೇಕು, ಮುಚ್ಚಳ ಅಲ್ಲಾಡದೆ ನಿಂತಿದೆ, ಮುಚ್ಚಳ ಹಿಡಿದ ಹೆಬ್ಬೆರಳು, ಎಡಗಣ್ಣು ಮುಚ್ಚುತ್ತಾನೆ, ಬಲಗಣ್ಣಿಗೆ ಕಾಣುವುದು ಬರೀ ಉಗುರು, ಮೂರು ವರ್ಷ ರೊಟ್ಟಿ ಬಡಿಸುವಾಗ ತನಗೆ ಹೀಗೇ ಕಂಡ ಉಗುರು, ತೆರೆಯುತ್ತಾನೆ, ಹಳದಿ, ಮುಚ್ಚುತ್ತಾನೆ, ಉಗುರು, ತೆರೆಯುತ್ತಾನೆ, ಹಳದಿ.