ಮಿಸ್ಟರ್ ಹೊಳೆನರಸೀಪುರ

ನನಗೆ ಅನುಮಾನ ಜಾಸ್ತಿ, ಒಪ್ಪುತ್ತೇನೆ. ಮೂವತ್ತು ವರ್ಷ ಅಂಚೆ ಇಲಾಖೆಯಲ್ಲಿದ್ದವನಿಗೆ ಅದಿಲ್ಲದಿದ್ದರೆ ಒಬ್ಬರ ಮನಿಯಾರ್ಡರು ಇನ್ನೊಬ್ಬರ ಜೇಬು ಸೇರುತ್ತದೆ. ಹೊಳೆನರಸೀಪುರದ ಪೋಸ್ಟ್ ಮಾಸ್ಟರ್ ಎಚ್. ಎಸ್. ಸಂಪತ್ಕುಮಾರ ಎಂದರೆ ತನ್ನ ನೆರಳಿನ ಕೈಯಲ್ಲೂ ಸಹಿ ಹಾಕಿಸಿಕೊಳ್ಳುವವನು ಎಂದು ನನ್ನ ಹೆಂಡತಿ ಚೂಡಾಮಣಿ ನೆಂಟರೆದುರು ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ, ನನ್ನ ಆಫೀಸಿನಲ್ಲಿ ಒಂದು ಕಾಗದವೂ ತಪ್ಪು ಕೈ ಸೇರಿಲ್ಲ.

ಎರಡು ಸಾವಿರದ ಆರನೇ ಇಸವಿಯ ಜುಲೈನಲ್ಲಿ ಪೋಸ್ಟ್‌ಮನ್ ಬೈರಯ್ಯ ಒಂದು ಲಕೋಟೆ ಹಿಡಿದು ನಗುತ್ತಾ ಬಂದ.

"ಸಾ, ಇದ್ನ ಯಾರಿಗ್ ಕೊಡಾನ? ಮಿಸ್ಟರ್ ಒಳೆನರ್ಸೀಪುರ, ಒಳೆನರ್ಸೀಪುರ ಅಂತ ಬರ್ದವ್ರೆ. ಊರ್ಗೇ ಕಾಗ್ದ ಬಂದೈತೆ ಕಣ್ ಸಾ!"

ಕಳಿಸಿದವರು ಗುರಗಾಂವದ ಯಾವುದೋ ಪ್ರೈವೇಟ್ ಲಿಮಿಟೆಡ್. ನಿಮಗೆ ಲಾಟರಿ ಹೊಡೆದಿದೆ ಎನ್ನುವ ಮೋಸದ ಕಾಗದಗಳು ಆಗ ದಿನಾ ಬರುತ್ತಿದ್ದವು. ಇದೂ ಅದೇ ಜಾತಿಯದು ಎಂದುಕೊಂಡು ಕೆಂಪು ಇಂಕಿನಲ್ಲಿ 'ಇಂಥವರು ಇಲ್ಲ, ವಾಪಸ್' ಎಂದು ಬರೆದು, ಗೀಚು ಸಹಿ ಹಾಕಿ ಕಳಿಸಿಬಿಟ್ಟೆ. ಇಡೀ ಆಫೀಸು ಮಧ್ಯಾಹ್ನದವರೆಗೂ ನಕ್ಕಿತು. ನಾನೂ ನಕ್ಕೆ.

ಆದರೆ ನನ್ನ ತಲೆ ಬೇರೆ ಕಡೆ ಇತ್ತು. ಬದರಿ ನೋಡಬೇಕು ಎಂದು ಚೂಡಾಮಣಿ ಹತ್ತು ವರ್ಷದಿಂದ ಹೇಳುತ್ತಿದ್ದಳು. ಆ ವರ್ಷದ ಏಪ್ರಿಲ್‌ನಲ್ಲೇ ದೆಹಲಿವರೆಗೆ ವಿಮಾನದಲ್ಲೇ ಹೋಗೋಣ ಎಂದು ಧೈರ್ಯ ಮಾಡಿ ಚನ್ನರಾಯಪಟ್ಟಣಕ್ಕೆ ಹೋದೆ. ಅಲ್ಲಿ ಧನ್ಯಕುಮಾರನ ಪಾತ್ರೆ ಅಂಗಡಿ. ಹಾಸನದ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವನ ಮಗ ಋಷಭ್ ಪಕ್ಕದ ಮಳಿಗೆಯಲ್ಲಿ ಸೈಬರ್ ಸೆಂಟರ್ ಇಟ್ಟು, 'ಬಸ್, ರೈಲು, ವಿಮಾನ ಟಿಕೆಟ್' ಎಂದು ಬೋರ್ಡು ಬರೆಸಿದ್ದ. ನಾನು ನಗದು ಕೊಟ್ಟೆ. ಅವನು ಡಿ.ಡಿ. ತೆಗೆಸಿ, ಕಂಪ್ಯೂಟರಿನಲ್ಲಿ ಟಿಕೆಟ್ ಮಾಡಿಸಿದ.

ಮೇ ತಿಂಗಳಲ್ಲಿ, ಹೊರಡಲು ಎರಡು ದಿನ ಇರುವಾಗ ಅರಕಲಗೂಡಿನ ದಾಯಾದಿಯೊಬ್ಬರು ತೀರಿಕೊಂಡರು. ಹತ್ತು ದಿನ ಸೂತಕ. ಸೂತಕ ಇಟ್ಟುಕೊಂಡು ಬದರಿಗೆ ಹೋಗಲಾದೀತೆ? ಋಷಭ್ ಟಿಕೆಟ್ ರದ್ದು ಮಾಡಿ, "ಅಂಕಲ್, ರೀಫಂಡು ಎರಡು ತಿಂಗಳಲ್ಲಿ ಬರುತ್ತೆ" ಎಂದ.

ಜುಲೈ ಕಳೆಯಿತು. ಆಗಸ್ಟೂ ಕಳೆಯಿತು. ಟಿಕೆಟ್ ಕೊಟ್ಟ ಕಂಪನಿಗೆ ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ, ಆಮೇಲೆ ಕಾಲು ಗಂಟೆ ಪಿಟೀಲು. ಏಳನೇ ಸಲಕ್ಕೆ ಒಬ್ಬ ಹುಡುಗಿ ಸಿಕ್ಕಿ, ಹಿಂದಿ ಇಂಗ್ಲಿಷ್ ಬೆರೆಸಿ ಹೇಳಿದಳು: ಬುಕ್ ಮಾಡಿದವರ ಹೆಸರಿಗೆ ಚೆಕ್ ಹೋಗಿ ಆಗಿದೆ.

ಬುಕ್ ಮಾಡಿದವನು ಯಾರು? ಋಷಭ್.

ಕೇಳಿದರೆ, "ನನಗೇನೂ ಬಂದಿಲ್ಲ ಅಂಕಲ್, ಕಂಪ್ಲೇಂಟ್ ಹಾಕಿದೀನಿ" ಎಂದು ಚೀಟಿಯಲ್ಲಿ ಒಂದು ನಂಬರ್ ಬರೆದುಕೊಟ್ಟ. ನಂಬರನ್ನು ಯಾರು ಬೇಕಾದರೂ ಬರೆಯಬಹುದು. ಅವನ ಮೇಜಿನ ಮೇಲೆ ಹೊಸ ಪ್ರಿಂಟರು ಕೂತಿತ್ತು. ಅದು ಎಲ್ಲಿಂದ ಬಂತು? ಮಾತಾಡುವಾಗ ನನ್ನ ಮುಖ ನೋಡದೆ ಪರದೆ ನೋಡುತ್ತಿದ್ದ. ಯಾಕೆ ನೋಡುತ್ತಿದ್ದ? ಬಸ್ಸಿನಲ್ಲಿ ಮನೆಗೆ ಬರುವಷ್ಟರಲ್ಲಿ ನನ್ನ ಮಟ್ಟಿಗೆ ಮೊಕದ್ದಮೆ ಮುಗಿದೇಹೋಗಿತ್ತು.

ಸೆಪ್ಟೆಂಬರಿನಲ್ಲಿ ಧನ್ಯಕುಮಾರನ ಕಾರ್ಡು ಬಂತು. 'ಅರಿತೋ ಅರಿಯದೆಯೋ ನಮ್ಮಿಂದ ತಪ್ಪಾಗಿದ್ದರೆ ಮನಸ್ಸಿನಿಂದ ಕ್ಷಮಿಸಿ.' ಜೈನರು ಪರ್ವ ಮುಗಿದ ಮೇಲೆ ಕ್ಷಮಾವಣಿಯ ದಿನ ಗುರುತಿದ್ದವರೆಲ್ಲರ ಕ್ಷಮೆ ಕೇಳುತ್ತಾರೆ. ಇಪ್ಪತ್ತೈದು ವರ್ಷದಿಂದ ಇದೇ ಸಾಲು ಇದೇ ಅಕ್ಷರದಲ್ಲಿ ನನಗೆ ಬರುತ್ತಿತ್ತು. ಈ ಸಲ ಮಾತ್ರ ಕೆಳಗೆ ಋಷಭನ ಸಹಿಯೂ ಇತ್ತು.

"ನೋಡ್ದೆಯಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ" ಎಂದೆ.

"ವರ್ಷಾ ವರ್ಷಾ ಬರೋ ಕಾರ್ಡು ಅಲ್ವೇನ್ರಿ ಅದು?" ಎಂದಳು ಚೂಡಾಮಣಿ.

"ಈ ವರ್ಷ ಮಗನ ಸಹಿ ಯಾಕೆ?"

"ಮಗ ದೊಡ್ಡೋನಾದ, ಅದಕ್ಕೆ. ಅನುಮಾನಂ ಪೆದ್ದರೋಗಂ ಅಂತ ಸುಮ್ನೆ ಹೇಳಿದಾರಾ?"

ಮಾರನೆಯ ದಿನ ಆ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಸೈಬರ್ ಸೆಂಟರಿನಲ್ಲಿ ದಂಡಿಗನಹಳ್ಳಿಯ ಇಬ್ಬರು ಮೇಷ್ಟ್ರುಗಳು ಟಿಕೆಟ್ ಮಾಡಿಸಲು ಕೂತಿದ್ದರು. ಅವರಿಗೆ ಕೇಳಿಸಲಿ ಎಂದೇ ಕೂಗಿದೆ. "ಇಲ್ಲಿ ಟಿಕೆಟ್ ಮಾಡಿಸ್ಬೇಡಿ ಸ್ವಾಮಿ, ಇವನು ರೀಫಂಡ್ ನುಂಗ್ತಾನೆ. ತಪ್ಪಾಯ್ತು ಅಂತ ಕೈಯಾರೆ ಬರ್ಕೊಟ್ಟಿದಾನೆ, ನೋಡಿ!"

ಮೇಷ್ಟ್ರುಗಳು ಒಬ್ಬರ ಮುಖ ಒಬ್ಬರು ನೋಡಿ, ಎದ್ದು, ಚಪ್ಪಲಿ ಮೆಟ್ಟಿ ಹೋದರು. ಗಲಾಟೆ ಕೇಳಿ ಧನ್ಯಕುಮಾರ ಬಂದ. ನಾನು ಚಾಚಿದ ಕಾರ್ಡನ್ನು ಎರಡೂ ಕಡೆ ತಿರುಗಿಸಿ ನೋಡಿದ, ತಾನು ಬರೆದದ್ದೇ ಅಲ್ಲವೇನೋ ಎಂಬಂತೆ. ಆಮೇಲೆ ಪಾತ್ರೆ ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ದುಡ್ಡು ತಂದು ನನ್ನ ಕೈಗಿಟ್ಟ.

"ತಗೊ. ನನ್ ಮಗ ತಿಂದಿಲ್ಲ."

"ತಿಂದಿಲ್ದೆ ಇದ್ರೆ ಯಾಕೆ ಕೊಡ್ತೀಯ?"

"ಬೀದೀಲಿ ನಿಂತು ಕೂಗ್ತಾ ಇದೀಯಲ್ಲ, ಅದಕ್ಕೆ."

ತಪ್ಪಿಲ್ಲದವನು ದುಡ್ಡು ಕೊಡುತ್ತಾನೆಯೇ? ನನಗೆ ಇನ್ನೂ ಖಾತ್ರಿಯಾಯಿತು. ತಿಂಗಳು ಕಳೆದ ಮೇಲೆ ಬೈರಯ್ಯ ಹೇಳಿದ: "ಸಾ, ಆ ಉಡುಗನ್ ಅಂಗ್ಡಿಗೆ ಈಗ ಯಾರೂ ಓಗಲ್ವಂತೆ. ಟಿಕೆಟ್ ಬೋರ್ಡ್ ಇಳಿಸ್ಬುಟ್ಟವ್ನಂತೆ." ಸುಳ್ಳು ಯಾಕೆ ಹೇಳಲಿ, ಕೇಳಿ ನನಗೆ ಸಮಾಧಾನವೇ ಆಯಿತು.

ಚೂಡಾಮಣಿ ಮಾತ್ರ ಆ ದುಡ್ಡನ್ನು ಮುಟ್ಟಲಿಲ್ಲ. "ಆ ಮಗು ಕದ್ದಿಲ್ಲ, ನನಗ್ ಗೊತ್ತು" ಎಂದು ಒಂದೇ ಹಟ. ಅವಳ ಬಾಯಿ ಮುಚ್ಚಿಸಲು ನನಗೆ ಪುರಾವೆ ಬೇಕಾಗಿತ್ತು. ಚೆಕ್ ಯಾರ ಹೆಸರಿಗೆ, ಯಾವ ವಿಳಾಸಕ್ಕೆ, ಯಾವತ್ತು ಕಳಿಸಿದಿರಿ ಎಂದು ಟಿಕೆಟ್ ನಂಬರ್ ಸಮೇತ ಕಂಪನಿಗೆ ರಿಜಿಸ್ಟರ್ಡ್ ದೂರು ಬರೆದೆ. ಕೆಳಗೆ ಆಫೀಸಿನ ವಿಳಾಸವನ್ನೇ ಕೊಟ್ಟೆ.

ಉತ್ತರ ನವೆಂಬರಿನಲ್ಲಿ ಬಂತು. ನಿಮ್ಮ ಚೆಕ್ಕನ್ನು ಜುಲೈನಲ್ಲೇ ಕಳಿಸಿದ್ದೆವು, ನಿಮ್ಮ ಊರಿನ ಅಂಚೆ ಕಚೇರಿಯೇ ಅದನ್ನು ಹಿಂದಕ್ಕೆ ಕಳಿಸಿದೆ, ಪುರಾವೆಗಾಗಿ ಲಕೋಟೆಯನ್ನು ಲಗತ್ತಿಸಿದ್ದೇವೆ ಎಂದು ಬರೆದಿದ್ದರು. ಯಾವ ಮೂರ್ಖ ಹಿಂದಕ್ಕೆ ಕಳಿಸಿದ ಎಂದು ಬೈಯುತ್ತಲೇ ಲಕೋಟೆ ಹೊರತೆಗೆದೆ. ಮಿಸ್ಟರ್ ಹೊಳೆನರಸೀಪುರ. ಅದರ ಮೇಲೆ ಅಡ್ಡಡ್ಡಲಾಗಿ ಕೆಂಪು ಇಂಕು, ಮೂಲೆಯಲ್ಲಿ ನನ್ನದೇ ಗೀಚು ಸಹಿ.

ಆಗ ಏಪ್ರಿಲ್‌ನ ಆ ದಿನ ನೆನಪಾಯಿತು. "ಅಂಕಲ್, ಲಾಸ್ಟ್ ನೇಮ್ ಹಾಕದೆ ಇದು ಮುಂದಕ್ಕೇ ಹೋಗಲ್ಲ" ಎಂದಿದ್ದ ಹುಡುಗ. "ನಮ್ಮ ಕಡೆ ಎಲ್ಲಾ ಹೆಸರಿನ ಮುಂದೇನೇ ಇರೋದು ಕಣಪ್ಪ, ಎಚ್. ಎಸ್." ಎಂದಿದ್ದೆ. "ಎಚ್ ಅಂದ್ರೆ?" "ಊರು. ಹೊಳೆನರಸೀಪುರ." ಅದನ್ನೇ ಒತ್ತಿದ್ದ. ಮನೆ ನಂಬರ್, ಬೀದಿ ಕೇಳಿದಾಗ ನನಗೆ ಅನುಮಾನ ಬಂದಿತ್ತು. "ಅದೆಲ್ಲ ಇಂಟರ್ನೆಟ್ಟಿಗೆ ಯಾಕೆ? ಊರು ಹಾಕು ಸಾಕು. ನನ್ನ ಕೈ ದಾಟಿ ಯಾವ ಕಾಗದ ಹೋಗುತ್ತೆ?" ಎಂದಿದ್ದೆ.

ಬೈರಯ್ಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ, ಈ ಸಲ ನಗಲಿಲ್ಲ. ಅರ್ಧ ದಿನ ರಜೆ ಬರೆದಿಟ್ಟು, ಮನೆಗೆ ಹೋಗಿ ಧನ್ಯಕುಮಾರನ ದುಡ್ಡು ತೆಗೆದುಕೊಂಡು ಬಸ್ಸು ಹತ್ತಿದೆ.

ಬೋರ್ಡು ಇದ್ದ ಜಾಗದಲ್ಲಿ ಎರಡು ಮೊಳೆ ಉಳಿದಿದ್ದವು. ಒಳಗೆ ಗಿರಾಕಿಗಳಿಲ್ಲ. ಪ್ರಿಂಟರಿಗೆ ಟವೆಲ್ ಹೊದಿಸಿತ್ತು. ಅಪ್ಪ ಮಗ ಇಬ್ಬರೂ ಇದ್ದರು. ಲಕೋಟೆಯನ್ನು ಮೇಜಿನ ಮೇಲಿಟ್ಟೆ.

"ಈ ಮಿಸ್ಟರ್ ಹೊಳೆನರಸೀಪುರ ನಾನೇ ಕಣಪ್ಪ. ಇಂಥವರು ಇಲ್ಲ ಅಂತ ಬರೆದೋನೂ ನಾನೇ."

ಋಷಭ್ ಅದನ್ನು ನಿಧಾನವಾಗಿ ಓದಿದ. "ಲಾಸ್ಟ್ ನೇಮ್ ಹಾಗೆ ಹಾಕ್ದೋನು ನಾನು ಅಂಕಲ್. ತಪ್ಪು ನಂದೂ ಇದೆ" ಎಂದ. ಅವನು ನನಗೆ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

"ಆ ಮೇಷ್ಟ್ರುಗಳ ಮನೆಗೇ ಹೋಗಿ ಹೇಳಿ ಬರ್ತೀನಿ ಧನ್ಯ."

"ಹೇಳು" ಎಂದ ಧನ್ಯಕುಮಾರ. ದುಡ್ಡನ್ನು ತೆಗೆದುಕೊಂಡ. ಕೂತುಕೋ ಎನ್ನಲಿಲ್ಲ.

ಹೊಸ್ತಿಲ ತನಕ ಬಂದವನು ತಿರುಗಿ ಕೇಳಿಯೇಬಿಟ್ಟೆ. "ಮುಂದಿನ ವರ್ಷ ನಿನ್ ಕಾರ್ಡು ಬರುತ್ತೇನೋ?"

"ಬರುತ್ತೆ. ಕ್ಷಮೆ ಕೇಳೋದು ನಮ್ ಧರ್ಮ, ಬರೀದೆ ಇರಕ್ಕಾಗಲ್ಲ" ಎಂದು ಅವನು ಲಕೋಟೆಯನ್ನು ನನ್ನ ಕೈಗೆ ವಾಪಸು ಕೊಟ್ಟ. "ಆದ್ರೆ ನೀನು ಓದ್ಬೇಡ ಕಣೋ ಸಂಪತ್ತು. ನಿನಗೆ ಓದಕ್ಕೆ ಬರಲ್ಲ."